ಅಳಿಸಿದ ಹದಿನೇಳು

ನಾರಿನ್ ನದಿಯಾಚೆಯ ನಮ್ಮ ಶಾಲೆಯಲ್ಲಿ
ಅಂಕವೆಂದರೆ ಐದರೊಳಗೇ. ನೂರಿಲ್ಲ, ಶೇಕಡಾ ಇಲ್ಲ.
ಐದೆಂದರೆ ಜಾಣ, ಮೂರೆಂದರೆ ಹೇಗೋ ದಾಟಿದವ,
ಎರಡೆಂದರೆ ಎರಡು.
ಒಂದನ್ನು ನಾವು ಹಾಕುವುದಿಲ್ಲ,
ಕೆಂಪು ಶಾಯಿಗೂ ಅಷ್ಟಿಷ್ಟು ಮಾನವಿದೆ.

ಹಿಂದಿನ ಬೆಂಚು, ಕಲ್ಲಿದ್ದಲ ಒಲೆಯ ಪಕ್ಕ, ತಿಲೆಕ್.
ಹೆಸರಿಗೆ ಹಾರೈಕೆ ಎಂದರ್ಥ.
ಯಾರು ಹಾರೈಸಿದ್ದರೋ, ಏನನ್ನೋ.
ಸೆಪ್ಟೆಂಬರಿನಲ್ಲಿ, ಹೊಸ ಹಾಜರಿ ಪುಸ್ತಕ ತೆರೆದು,
ನಿನ್ನ ಬಗ್ಗೆ ಹೇಳಪ್ಪ ಎಂದೆ.
ಎದ್ದು ನಿಂತ. ಕಾಲರು ಸರಿಮಾಡಿಕೊಂಡ.
"ನಾನು ಎರಡು, ಎಜೆ."
ತರಗತಿ ನಗಲಿಲ್ಲ.
ಊರಿಗೆಲ್ಲ ಗೊತ್ತಿರುವ ಹೆಸರಿಗೆ ಯಾರು ನಗುತ್ತಾರೆ?
ಅವನ ಅಣ್ಣನೂ ಎರಡೇ, ಅಪ್ಪನೂ,
ಟೀಚರುಗಳ ಕೋಣೆಯಲ್ಲಿ ಯಾರೋ ಸಕ್ಕರೆ ಕಲಕುತ್ತ ಹೇಳಿದರು,
ವಂಶದಲ್ಲಿ ಮೂಗು ಬರುವ ಹಾಗೆ ಅಂಕವೂ ಬರುವುದೆಂಬಂತೆ.

ಭಾನುವಾರ, ಸಂತೆಯಲ್ಲಿ ಅವನ ಚಿಕ್ಕಮ್ಮನ ಅಂಗಡಿ:
ಉಣ್ಣೆಯ ಚಪ್ಪಲಿ, ಜೋಡಿಗೆ ಮುನ್ನೂರ ಎಂಬತ್ತು.
ಮೂರು ಜೋಡಿ ಆರಿಸಿ ಎರಡು ಸಾವಿರದ ನೋಟು ಚಾಚಿದೆ.
ನೋಟು ಅವನ ಕೈ ಮುಟ್ಟುವ ಮುಂಚೆಯೇ
ಎಂಟುನೂರ ಅರವತ್ತು ನನ್ನ ಕೈಯಲ್ಲಿತ್ತು.
"ಇದು ಗಣಿತ ಕಣೋ" ಎಂದೆ.
"ಅಲ್ಲ ಎಜೆ," ಕನಿಕರದಿಂದ ತಿದ್ದಿದ, "ಇದು ವ್ಯಾಪಾರ."

ಡಿಸೆಂಬರಿನ ಪರೀಕ್ಷೆ. ಆರನೇ ಪ್ರಶ್ನೆಗೆ ಉತ್ತರ ಹದಿನೇಳು.
ತಿಲೆಕ್ ಬರೆದದ್ದು ಹದಿಮೂರು.
ಗೀಟು ಎಳೆಯಹೊರಟ ಬೆರಳ ತುದಿಗೆ
ಏನೋ ತಗುಲಿತು, ಕಾಗದದಲ್ಲೊಂದು ತಗ್ಗು.
ಕಿಟಕಿಗೆ ಹಿಡಿದೆ. ಹೊರಗೆ ಹಿಮ, ಬೇಕಾದಷ್ಟು ಬೆಳಕು.
ರಬ್ಬರು ತಿಂದು ತೆಳುವಾಗಿಸಿದ ಜಾಗದಲ್ಲಿ
ಪೆನ್ಸಿಲು ಒತ್ತಿ ಹೋದ ಹದಿನೇಳು,
ಅದರ ಮೇಲೆ ಮುಂದಿನ ಬೆಂಚಿನ ಚೋಲ್ಪೊನಳ ಹದಿಮೂರು.

ಚೋಲ್ಪೊನ್ ಎಂದರೆ ಐದು. ಹುಟ್ಟಾ ಐದು.
ಅದಕ್ಕೇ ಬರೆದದ್ದನ್ನು ಮರಳಿ ನೋಡುವುದಿಲ್ಲ.
ಆ ಸಲ ನಾಲ್ಕು ಬಂತು; ಕೋಟು ನೇತುಹಾಕುವ ಕೋಣೆಯಲ್ಲಿ
ಯಾರದೋ ತೋಳಿನೊಳಗೆ ಮುಖವಿಟ್ಟು ಅತ್ತಳು.
ಐದಲ್ಲದ ತಾನು ಯಾರೆಂದು
ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ.
ಈ ಹುಡುಗ ತನಗೆ ತಾನೇ ಎರಡು ಬಗೆದಿದ್ದ.
"ಯಾಕೋ ಅಳಿಸಿದೆ?"
ಒಲೆಯ ಬೂದಿ ಕೆದಕುತ್ತ ಹೇಳಿದ:
"ಅದು ನನಗೇ ಹೊಳೆದದ್ದು ಎಜೆ.
ಅಂದಮೇಲೆ ತಪ್ಪೇ ಇರಬೇಕಲ್ಲ."

ಆ ರಾತ್ರಿ ನಿದ್ದೆ ಹತ್ತಲಿಲ್ಲ ಎಂದರೆ ಸುಳ್ಳು. ಹತ್ತಿತು.
ಬೆಳಗಿನ ಚಹಾ ಕುದಿಯುವಾಗ ನೆನಪಾದದ್ದು
ನಾಲ್ಕನೇ ತರಗತಿ, ಪಿಯಾನೊದ ಹಿಂದಿನಿಂದ ಒಂದು ದನಿ:
"ನಾಜಿರಾ, ನೀನು ಬಾಯಿ ಆಡಿಸು, ಸಾಕು."
ಆಡಿಸುತ್ತಲೇ ಬಂದೆ.
ಮಗಳನ್ನು ಮಲಗಿಸಲು ರೇಡಿಯೊ ಹಚ್ಚಿದೆ.
ನನ್ನ ದನಿ ನಿಜಕ್ಕೂ ಕೆಟ್ಟದೋ ಏನೋ,
ನಲವತ್ತು ವರ್ಷದಿಂದ ನಾನೇ ಕೇಳಿಲ್ಲ.

ಅಂಕದ ಚೌಕ ಖಾಲಿ ಬಿಟ್ಟೆ.
ಹದಿನೇಳಿನ ತಗ್ಗಿಗೆ ಪೆನ್ಸಿಲಿನಲ್ಲಿ
ಒಂದು ಸುತ್ತು ಹಾಕಿ ಮರಳಿಸಿದೆ.
ಮುಖ್ಯೋಪಾಧ್ಯಾಯರು ಬೈದರು: ಚೌಕ ಇರುವುದು ತುಂಬಲಿಕ್ಕೆ.

ಇದರಿಂದ ಏನೂ ಆಗಲಿಲ್ಲ, ಜನವರಿಯಿಡೀ. ಫೆಬ್ರವರಿಯೂ.
ಮಾರ್ಚಿನಲ್ಲಿ, ನದಿಯ ಮಂಜುಗಡ್ಡೆ ಬಿರಿಯುವ ಸದ್ದಿನ ನಡುವೆ,
ಅವನ ಹಾಳೆಯಲ್ಲಿ ಅಳಿಸಿದ ಗುರುತಿರಲಿಲ್ಲ.
ಉತ್ತರ ತಪ್ಪು. ಆದರೆ ಎರವಲು ತಂದದ್ದಲ್ಲ.
ಎರಡು ಹಾಕಿದೆ.

ಗಂಟೆ ಹೊಡೆದ ಮೇಲೆ ಮೇಜಿನ ಬಳಿ ನಿಂತಿದ್ದ,
ಕಿವಿ ಕೆಂಪು. ಹಾಳೆ ನಡುಗುತ್ತಿತ್ತು, ದನಿ ನಡುಗುತ್ತಿರಲಿಲ್ಲ:
"ಇದು ನನ್ನ ಅಂಕ ಅಲ್ಲ ಎಜೆ.
ನಾಲ್ಕನೇ ಸಾಲು ಇನ್ನೊಮ್ಮೆ ನೋಡಿ."

ಕನ್ನಡಕ ಒರೆಸಿಕೊಂಡು ಕುಳಿತೆ.